ಆರು ದಿನ ನಿಲ್ಲದ ಯಂತ್ರ

ಆ ಯಂತ್ರಕ್ಕೆ ಮ್ಯಾನೇಜರ್ ಇಟ್ಟ ಹೆಸರು ತಲೆನೋವು. ನಾನು ಇಟ್ಟದ್ದು ಮಹಾರಾಣಿ. ಬಾಟಲಿಗಳಿಗೆ ಮುಚ್ಚಳ ಹಾಕುವುದು ಅವಳ ಕೆಲಸ. ಮೇಲಿನ ಡಬ್ಬದಿಂದ ಮುಚ್ಚಳಗಳು ತಗಡಿನ ಜಾರುದಾರಿಯಲ್ಲಿ ಒಂದರ ಹಿಂದೊಂದು ಇಳಿದು, ಕೆಳಗೆ ಸಾಲಾಗಿ ಬರುವ ಬಾಟಲಿಗಳ ತಲೆ ಮೇಲೆ ಕೂರಬೇಕು. ಹೇಳುವುದಕ್ಕೇನು, ಸುಲಭ. ದಿನಕ್ಕೆ ಮೂವತ್ತು ಸಲವಾದರೂ ಯಾವುದೋ ಎರಡು ಮುಚ್ಚಳ ಒಂದರ ಮೇಲೊಂದು ಹತ್ತಿಕೊಂಡು ಅರ್ಧ ದಾರಿಯಲ್ಲಿ ಜಗಳಕ್ಕೆ ನಿಲ್ಲುತ್ತವೆ. ಮಹಾರಾಣಿ ಮುನಿಸಿಕೊಳ್ಳುತ್ತಾಳೆ, ಇಡೀ ಸಾಲು ನಿಲ್ಲುತ್ತದೆ, ಮ್ಯಾನೇಜರ್ ತಮ್ಮ ಗಾಜಿನ ಕೋಣೆಯಿಂದ ಕತ್ತು ಚಾಚಿ ನನ್ನನ್ನು ನೋಡುತ್ತಾರೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ನಾನೇ ಫಿಟ್ಟರ್. ಯಂತ್ರ ನಿಂತಾಗಲೆಲ್ಲ ಅದಕ್ಕೆ ಹಠ ಕಲಿಸಿಕೊಟ್ಟವನು ನಾನೇ ಅನ್ನುವ ಹಾಗಿರುತ್ತದೆ ಅವರ ನೋಟ.

ಈ ವರ್ಷ ಕಂಪನಿಯವರು ಆ ತಲೆನೋವನ್ನು ಕಾಲೇಜಿನ ಮಕ್ಕಳಿಗೆ ಒಪ್ಪಿಸಿದರು. ನಾಲ್ಕು ದೇಶಗಳ ಇಂಜಿನಿಯರಿಂಗ್ ಕಾಲೇಜುಗಳು ಸೇರಿ ನಡೆಸುವ ಏರ್ಪಾಡು ಅದು. ಐದೈದು ಮಕ್ಕಳ ತಂಡ ಕಟ್ಟುತ್ತಾರೆ, ಒಂದೊಂದು ತಂಡಕ್ಕೆ ಯಾವುದಾದರೂ ಕಂಪನಿಯ ಒಂದು ಸಮಸ್ಯೆ ಕೊಡುತ್ತಾರೆ. ಮೂರು ತಿಂಗಳು ಕಂಪ್ಯೂಟರಿನ ಪರದೆಯಲ್ಲೇ ಮುಖ ನೋಡಿಕೊಂಡು ಕೆಲಸ, ಕೊನೆಯ ಮೂರು ವಾರ ಕಾರ್ಖಾನೆಗೇ ಬಂದು ಪರಿಹಾರ ಮಾಡಿ ತೋರಿಸಬೇಕು. ಯಾವ ತಂಡಕ್ಕೆ ಯಾವ ಕಂಪನಿ ಎಂದು ಚೀಟಿ ಎತ್ತಿದರಂತೆ. ನನ್ನ ಮಹಾರಾಣಿ ಸಿಕ್ಕಿದ್ದು ನನ್ನ ಮಗಳ ತಂಡಕ್ಕೆ.

ಸುದ್ದಿ ಕೇಳಿ ನನಗೆ ಮೊದಲು ಆದದ್ದು ಸಂತೋಷವಲ್ಲ, ಗಾಬರಿ. ಮಗಳು ನಾನು ಕೆಲಸ ಮಾಡುವುದನ್ನು ಒಂದು ದಿನವೂ ನೋಡಿದವಳಲ್ಲ. ಅವಳು ಕಂಡದ್ದು ಎಣ್ಣೆ ಕೈಯಲ್ಲಿ ಮನೆಗೆ ಬಂದು ಸೋಪು ಎಲ್ಲಿ ಎಂದು ಕೂಗುವ ಅಪ್ಪನನ್ನು ಮಾತ್ರ. ಈಗ ತನ್ನ ಹೊರದೇಶದ ಸ್ನೇಹಿತರನ್ನೆಲ್ಲ ಕಟ್ಟಿಕೊಂಡು ಬರುತ್ತಾಳೆ, ಅವರ ಕಣ್ಣೆದುರಿಗೇ ನನ್ನ ಯಂತ್ರ ಬಾಯಿ ಬಿಟ್ಟುಕೊಂಡು ನಿಲ್ಲಬೇಕೆ? ಉಂಟೇ! ನೋಡೇಬಿಡೋಣ ಎಂದುಕೊಂಡೆ.

ಐದು ಜನ ಬಂದರು. ಬಾಗಿಲಿಗೆಲ್ಲ ತಲೆ ತಗ್ಗಿಸಿಯೇ ಒಳಗೆ ಬರುವ ಒಬ್ಬ ಹುಡುಗನಿಗೆ ನಾನು ಉದ್ದಣ್ಣ ಎಂದು ಹೆಸರಿಟ್ಟೆ. ಕೂದಲ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಆಮೇಲೆ ಪೆನ್ಸಿಲ್ ಎಲ್ಲಿ ಎಂದು ಹುಡುಕಾಡುವ ಹುಡುಗಿಗೆ ಪೆನ್ಸಿಲಮ್ಮ. ಇನ್ನಿಬ್ಬರು ಅಕ್ಕಪಕ್ಕದಲ್ಲೇ ಕೂತು ಕಂಪ್ಯೂಟರಿನಲ್ಲಿ ಮುಳುಗಿರುವವರು. ಅವರೆಲ್ಲರ ಮಾತು ನನಗೆ, ನನ್ನ ಮಾತು ಅವರಿಗೆ ಮುಟ್ಟಿಸುವವಳು ಮಗಳು. ಬಂದವರೇ ಯಂತ್ರದ ಎದುರಿಗೆ ಒಂದು ಕ್ಯಾಮೆರಾ ನಿಲ್ಲಿಸಿದರು. ಸಾಲು ಎಷ್ಟು ಸಲ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅದೇ ಎಣಿಸುತ್ತದಂತೆ.

ಎಣಿಸಲಿ ಎಂದೆ. ನಾನು ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬರತೊಡಗಿದೆ. ಜಾರುದಾರಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಅದರ ಪಕ್ಕದ ಪಟ್ಟಿಯ ಬೋಲ್ಟುಗಳನ್ನು ಬಿಗಿ ಮಾಡಿ, ಸಂದಿಗೆ ರಟ್ಟಿನ ಚೂರು ಮಡಿಸಿ ಸಿಕ್ಕಿಸಿದೆ. ಸಾಲು ಓಡತೊಡಗಿದ ಮೇಲೆ ಪಕ್ಕದಲ್ಲೇ ನಿಂತು, ಆಗಾಗ ಸ್ಪ್ಯಾನರಿನ ಹಿಡಿಯಿಂದ ತಗಡಿಗೆ ಮೆಲ್ಲಗೆ ಒಂದು ತಟ್ಟು ತಟ್ಟಿದೆ. ನನ್ನ ಕೈಕೆಳಗೆ ಇನ್ನೂ ಹನ್ನೊಂದು ಯಂತ್ರಗಳಿವೆ, ಒಂದಕ್ಕಿಂತ ಒಂದು ಹಠಮಾರಿ. ಅವುಗಳ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆ ಕಡೆಯವರು ಫಿಟ್ಟರ್ ಸತ್ತನೋ ಬದುಕಿದನೋ ಎಂದು ಕೂಗಾಡಿದರು. ಕೂಗಾಡಲಿ ಬಿಡಿ, ಅವರ ಹತ್ತಿರ ಕ್ಯಾಮೆರಾ ಇರಲಿಲ್ಲವಲ್ಲ.

ಆರು ದಿನ ಮಹಾರಾಣಿ ಒಂದೇ ಒಂದು ಸಲವೂ ನಿಲ್ಲಲಿಲ್ಲ. ನಾನು ಕಾರ್ಖಾನೆಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ. ಮಕ್ಕಳು ನನ್ನ ಪಕ್ಕದಲ್ಲೇ ಹಾದು ಹೋಗುತ್ತಿದ್ದರೂ ನಾನೇನು ಮಾಡುತ್ತಿದ್ದೇನೆ ಎಂದು ಒಬ್ಬರೂ ಕೇಳಲಿಲ್ಲ. ಯಂತ್ರದ ಪಕ್ಕ ಫಿಟ್ಟರ್ ನಿಂತಿರುವುದು ಗಿಡದ ಕೆಳಗೆ ಕುಂಡ ಇದ್ದ ಹಾಗೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಉದ್ದಣ್ಣ ಮಾತ್ರ ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚು ತಲೆ ಕೆರೆದುಕೊಳ್ಳುತ್ತಿದ್ದ. ನನ್ನ ಯಂತ್ರ ನೋಡಿ ಬೆರಗಾಗಿದ್ದಾನೆ ಎಂದು ನಾನು ತಿಳಿದುಕೊಂಡೆ.

ಆರನೆಯ ದಿನ ರಾತ್ರಿ ಊಟಕ್ಕೆ ಕೂತಾಗ ಇನ್ನು ತಡೆಯಲಾಗಲಿಲ್ಲ.

"ಹೇಗಿದೆ ನನ್ನ ಯಂತ್ರ?" ಎಂದೆ ಮಗಳಿಗೆ.

"ಚೆನ್ನಾಗಿದೆ ಅಪ್ಪ." ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು, ಒಂದು ತುತ್ತೂ ಬಾಯಿಗೆ ಹೋಗಿರಲಿಲ್ಲ.

"ಒಂದು ಸಲಾನಾದ್ರೂ ನಿಂತಿದೆಯಾ ಹೇಳು?"

"ಅದೇ ಅಪ್ಪ ನಮ್ಮ ಕಷ್ಟ!" ಎಂದವಳೇ ಕಣ್ಣು ತುಂಬಿಕೊಂಡಳು. "ನಿಲ್ಲದೇ ಇರೋ ಯಂತ್ರಕ್ಕೆ ನಾವೇನು ಪರಿಹಾರ ಹುಡುಕೋದು? ನಾಳೆನೂ ನಿಲ್ಲದಿದ್ರೆ ಪ್ರಾಜೆಕ್ಟ್ ಮುಗಿಸಿಬಿಡಿ ಅಂದಿದ್ದಾರೆ ಮ್ಯಾನೇಜರ್. ಮೂರು ತಿಂಗಳ ಕೆಲಸ ಅಪ್ಪ. ಆ ನಾಲ್ಕು ಜನ ಇದಕ್ಕೋಸ್ಕರ ವಿಮಾನ ಹತ್ತಿ ಬಂದಿದ್ದಾರೆ. ಈ ವರ್ಷದ ಅರ್ಧ ಅಂಕ ಇದರದ್ದೇ."

ತುತ್ತು ನೆತ್ತಿಗೇರಿ ಕೆಮ್ಮತೊಡಗಿದೆ. ನನ್ನ ಹೆಂಡತಿ ನೀರಿನ ಲೋಟ ನನ್ನ ಕಡೆ ತಳ್ಳಿ, ನಿಧಾನವಾಗಿ ನನ್ನ ಮುಖ ನೋಡಿದಳು.

"ರೀ, ವಾರದಿಂದ ಐದು ಗಂಟೆಗೇ ಎದ್ದು ಎಲ್ಲಿಗೆ ಓಡ್ತಿದ್ದೀರಿ?"

"ಎಲ್ಲಿಗೆ ಅಂದ್ರೆ? ಕೆಲಸಕ್ಕೆ."

"ಕಟ್ಟಿಕೊಂಡಾಗಿಂದ ನೋಡ್ತಿದ್ದೀನಿ, ಒಂದು ದಿನ ಕೆಲಸಕ್ಕೆ ಬೇಗ ಹೋದವರಲ್ಲ ನೀವು."

ಅವಳು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು. ಮಗಳು ತಲೆಯೆತ್ತಿ ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು. ಎದ್ದು ಹೋಗಿ ಕಂಪ್ಯೂಟರ್ ತಂದು, ತಟ್ಟೆಗಳನ್ನು ಸರಿಸಿ ನಡುವೆ ಇಟ್ಟಳು. ಕ್ಯಾಮೆರಾ ಹಿಡಿದ ಚಿತ್ರಗಳು ಓಡಿದವು. ಇಷ್ಟು ದಿನ ಅವರೆಲ್ಲ ಬಾಟಲಿಗಳನ್ನೇ ನೋಡಿದ್ದರು. ಈಗ ಮಗಳು ಚಿತ್ರದ ಮೂಲೆಯ ಮೇಲೆ ಬೆರಳಿಟ್ಟಳು. ಅಲ್ಲಿ ಒಂದು ಕೈ ಬರುತ್ತಿತ್ತು, ತಟ್ಟುತ್ತಿತ್ತು, ಹೋಗುತ್ತಿತ್ತು. ಹೆಬ್ಬೆರಳಿನ ಉಗುರು ಕಪ್ಪಾದ ಕೈ. ಹತ್ತು ನಿಮಿಷದಲ್ಲಿ ಒಂಬತ್ತು ಸಲ ಬಂತು.

"ಹೌದು, ನಾನೇ! ಏನೀಗ?" ಎಂದೆ.

"ನಾಳೆ ನೀನು ಅದನ್ನ ಮುಟ್ಟಬೇಡ ಅಪ್ಪ."

"ಮುಟ್ಟಬಾರದಾ? ನಾನು ಪಕ್ಕದಲ್ಲಿ ನಿಂತಿದ್ದೂ ಅದು ಎಲ್ಲರ ಮುಂದೆ ಕೆಟ್ಟು ನಿಂತ್ರೆ ನನ್ನ ಮರ್ಯಾದೆ ಏನಾಗಬೇಕು? ನಮ್ಮಪ್ಪನಿಗೆ ಕೆಲಸ ಬರಲ್ಲ ಅಂತ ನೀನೇ ಡಂಗುರ ಹೊಡೀತೀಯಾ?"

ಗಂಟಲು ಏರಿಸಿದೆ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಮಗಳು ಮಾತ್ರ ಗಂಟಲು ಏರಿಸಲಿಲ್ಲ.

"ಆಫೀಸಿನ ಪುಸ್ತಕ ನೋಡಿದ್ದೀನಿ ಅಪ್ಪ. ಯಂತ್ರ ನಿಂತಿದ್ದನ್ನೆಲ್ಲ ಒಂದೂ ಬಿಡದೆ ಬರೆದಿದ್ದಾರೆ. ನೀನು ನಿಲ್ಲದ ಹಾಗೆ ನೋಡಿಕೊಂಡಿದ್ದನ್ನ ಯಾರೂ ಒಂದು ಕಡೆನೂ ಬರೆದಿಲ್ಲ. ನೀನು ಕೈ ತೆಗೆದ್ರೆ ತಾನೆ, ಆ ಕೈ ಏನು ಮಾಡ್ತಿತ್ತು ಅಂತ ಬೇರೆಯವರಿಗೆ ಕಾಣೋದು?"

ಕೈ ತೊಳೆದುಕೊಂಡು ಎದ್ದೆ. ಆಗಲಿ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಎಲ್ಲರ ಜೊತೆಗೇ ಕೆಲಸಕ್ಕೆ ಹೋದೆ. ಸಂದಿಯ ರಟ್ಟಿನ ಚೂರನ್ನು ನಾನೇ ತೆಗೆದು ಕಸದ ಬುಟ್ಟಿಗೆ ಹಾಕಿದೆ, ಬೋಲ್ಟುಗಳ ತಂಟೆಗೆ ಹೋಗಲಿಲ್ಲ. ನೆಲದ ಹಳದಿ ಗೆರೆಯಿಂದ ಆಚೆ, ಕೈ ಹಿಂದೆ ಕಟ್ಟಿಕೊಂಡು ನಿಂತೆ. ಮ್ಯಾನೇಜರ್ ಗಡಿಯಾರ ನೋಡುತ್ತಾ ನಿಂತಿದ್ದರು. ಸಾಲು ಓಡತೊಡಗಿತು. ಮೊದಲ ನಿಮಿಷ ಏನೂ ಆಗಲಿಲ್ಲ. ಎರಡನೆಯ ನಿಮಿಷಕ್ಕೆ ನನ್ನ ಕೈ ತುರಿಸತೊಡಗಿತು. ನಾಲ್ಕನೆಯ ನಿಮಿಷಕ್ಕೆ ಬಲಗೈ ಬಿಡಿಸಿಕೊಂಡು ಹೊರಟೇಬಿಟ್ಟಿತ್ತು, ಎಡಗೈ ಅದನ್ನು ಹಿಡಿದು ನಿಲ್ಲಿಸಿತು. ಎರಡು ಮುಚ್ಚಳ ಒಂದರ ಮೇಲೊಂದು ಹತ್ತಿದವು. ಹಿಂದಿನವು ಮುಂದಿನವನ್ನು ತಳ್ಳಿದವು. ಮುಚ್ಚಳಗಳು ತಗಡಿನಿಂದ ಹಾರಿ ನೆಲದ ತುಂಬ ಉರುಳಾಡಿದವು, ಕೆಂಪು ದೀಪ ಹತ್ತಿಕೊಂಡಿತು.

ಉದ್ದಣ್ಣ ಸಂತೋಷ ತಡೆಯಲಾರದೆ ಎರಡೂ ಕೈ ಎತ್ತಿ ಕುಣಿದ. ಪೆನ್ಸಿಲಮ್ಮ ಅವನ ಅಂಗಿ ಹಿಡಿದು ಎಳೆದಳು. ಮ್ಯಾನೇಜರ್ ನನ್ನ ಕಡೆ ತಿರುಗಿದರು, ಅದೇ ನೋಟ.

"ಏನ್ರೀ ಇದು? ಆರು ದಿನ ಚೆನ್ನಾಗೇ ಓಡ್ತಿತ್ತಲ್ಲ?"

ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದೆ.

"ಆರು ದಿನ ನಮ್ಮ ಅಪ್ಪ ಅದರ ಜೊತೆಗಿದ್ರು ಸರ್," ಎಂದಳು ಮಗಳು. "ಇವತ್ತು ಅದು ಒಂದೇ ಓಡ್ತಿದೆ."

ಕಂಪ್ಯೂಟರನ್ನು ಅವರ ಮುಂದೆ ಹಿಡಿದಳು. ಆ ಮನುಷ್ಯ ಪರದೆಯಲ್ಲಿ ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. ಹಿಂದಕ್ಕೆ ಓಡಿಸಿ ಇನ್ನೊಂದು ಸಲ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಯಂತ್ರ ಯಾಕೆ ನಿಂತಿತು ಎಂದು ಕೇಳಲಿಲ್ಲ.

"ಯಾವಾಗ ತಟ್ಟಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದರು.

ನಾನು ನನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಮಕ್ಕಳು ಬಿಡಬೇಕಲ್ಲ! ಪ್ರಾಜೆಕ್ಟ್ ಮುಂದುವರಿಯಲಿ ಎಂದು ಮ್ಯಾನೇಜರ್ ಹೇಳಿದ್ದೇ ತಡ, ನನ್ನ ಸುತ್ತ ಮುತ್ತಿಕೊಂಡರು. ನಿಧಾನವಾಗಿ ಮಾಡಿ ತೋರಿಸಿ ಅಂದರು. ನಿಧಾನವಾಗಿ ಮಾಡಲು ಹೋದರೆ ಕೈಗೆ ಎಲ್ಲವೂ ಮರೆತುಹೋಯಿತು. ಎಷ್ಟು ಜೋರಾಗಿ ತಟ್ಟುತ್ತೀರಿ ಎಂದು ಉದ್ದಣ್ಣ ತನ್ನ ಅಂಗೈಯನ್ನೇ ಚಾಚಿದ. ಒಂದು ಕೊಟ್ಟೆ. ಹುಬ್ಬೇರಿಸಿ, ನಕ್ಕು, ಇನ್ನೊಂದು ಎಂದು ಸನ್ನೆ ಮಾಡಿದ. ನನ್ನ ಆ ತಟ್ಟನ್ನೇ ತಟ್ಟುವ ಒಂದು ಸಣ್ಣ ಸಾಧನ ಮಾಡಿ ತಗಡಿಗೆ ಕೂರಿಸುತ್ತಾರಂತೆ. ಪಟ್ಟಿ ಸಡಿಲವಾಗದಂತೆ ಹಿಂದೆ ಸ್ಪ್ರಿಂಗ್ ಕೊಡುತ್ತಾರಂತೆ. ಎಲ್ಲ ಸರಿ, ಯಾವಾಗ ತಟ್ಟಬೇಕು ಎನ್ನುವುದೊಂದೇ ಬಾಕಿ.

"ಸದ್ದು ಬದಲಾಗುತ್ತೆ," ಎಂದೆ ಕೊನೆಗೆ. ಹೇಳಿದ ಮೇಲೆ, ಹೌದಲ್ಲ ಎಂದು ನನಗೇ ಅನ್ನಿಸಿತು.

ಉದ್ದಣ್ಣ ಬಗ್ಗಿ ಕಿವಿ ಕೊಟ್ಟ, ತಲೆಯಾಡಿಸಿದ. ಪೆನ್ಸಿಲಮ್ಮ ಸದ್ದು ಹಿಡಿಯುವ ಯಾವುದೋ ಉಪಕರಣ ತಂದಳು. ಅದರ ತುಂಬ ಗೆರೆಗಳು ಕುಣಿಯುತ್ತಿದ್ದವು, ಎಲ್ಲವೂ ಒಂದೇ ಥರ. ಮ್ಯಾನೇಜರ್ ಕೂಡ ಕಿವಿಯ ಹಿಂದೆ ಕೈ ಇಟ್ಟು ಆಲಿಸಿದರು. ಅವರಿಗೆಲ್ಲ ಕೇಳಿಸಿದ್ದು ಬರೀ ಗದ್ದಲ.

ಮಗಳು ಬಂದು ನನ್ನ ಪಕ್ಕ ನಿಂತಳು. ಕಣ್ಣು ಮುಚ್ಚಿಕೊಂಡಳು. ನಾನು ಸ್ಪ್ಯಾನರ್ ಹಿಡಿದು ಕಾದೆ. ಟಿಕ್ ಟಿಕ್ ಟಿಕ್ ಎಂದು ಮುಚ್ಚಳಗಳು ಇಳಿಯುತ್ತಿದ್ದವು. ಹಾಗೇ ಸ್ವಲ್ಪ ಹೊತ್ತು. ಆ ಟಿಕ್ ಒಂದು ಎಳೆಯಷ್ಟು ದಪ್ಪಗಾಯಿತು. ಇನ್ನೇನು ಕೈ ಎತ್ತಬೇಕು, ಅಷ್ಟರಲ್ಲಿ ಪಕ್ಕದಿಂದ ದನಿ ಬಂತು.

"ಈಗ!"

ಮಗಳ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ನನ್ನ ಕೈ ಅಲ್ಲೇ ಉಳಿಯಿತು. ಹತ್ತೊಂಬತ್ತು ವರ್ಷ ಆ ಗದ್ದಲದಲ್ಲಿ ನಾನೊಬ್ಬನೇ ಕೇಳಿಸಿಕೊಂಡದ್ದನ್ನು ಇನ್ನೊಬ್ಬರು ಕೇಳಿಸಿಕೊಂಡಿದ್ದರು, ಅದೂ ನನ್ನ ಮಗಳು, ನನಗಿಂತ ಒಂದು ಗಳಿಗೆ ಮುಂಚೆ. ಕಣ್ಣಲ್ಲಿ ನೀರೇ ಬಂತು. ಅವಳ ಮುಖ ನೋಡುತ್ತಾ ನಿಂತುಬಿಟ್ಟೆ, ತಟ್ಟುವುದು ಮರೆತೇಹೋಯಿತು.

ಮುಚ್ಚಳಗಳು ಹಾರಿದವು. ಕೆಂಪು ದೀಪ ಹತ್ತಿತು.

ಪೆನ್ಸಿಲಮ್ಮ ಪುಸ್ತಕ ತೆರೆದು, ಈ ಸಲ ನಿಂತದ್ದಕ್ಕೆ ಕಾರಣ ಏನೆಂದು ಬರೆಯಲಿ ಎಂದು ಕೇಳಿದಳು.

"ಫಿಟ್ಟರನದೇ ತಪ್ಪು ಅಂತ ಬರ್ಕೊಳ್ಳಮ್ಮ," ಎಂದೆ. ಮಗಳು ಅದನ್ನು ಅವಳಿಗೆ ಹೇಳುವ ಮೊದಲು ನನ್ನ ತೋಳು ಹಿಡಿದುಕೊಂಡು ಜೋರಾಗಿ ನಕ್ಕಳು, ನಾನೂ ನಕ್ಕೆ.