ಎರವಲು ಹೋದ ಮಾಡು

ಮೇ ತಿಂಗಳ ಬಿಸಿಲಲ್ಲಿ ಹಂಚಿನ ಮಾಡಿನ ಮೇಲೆ ಬರಿಗಾಲಲ್ಲಿ ಕೂರುವುದು ಅಂಗಾರನ ಕೆಲಸ. ಚಪ್ಪಲಿ ಹಾಕಿದರೆ ಜಾರುತ್ತದೆ. ಬೂಟು ಹಾಕಿದರೆ ಹಂಚು ಒಡೆಯುತ್ತದೆ. ಹಾಗಾಗಿ ಬರಿಗಾಲು. ನಲವತ್ತು ವರ್ಷದಲ್ಲಿ ಅವನ ಅಂಗಾಲಿಗೆ ಹಂಚಿನದೇ ಬಣ್ಣ ಬಂದಿತ್ತು. ಕಲ್ಲಿಗೆ ಉಜ್ಜಿದರೂ ಹೋಗುತ್ತಿರಲಿಲ್ಲ. ಎರಡು ಸಲ ಮಾಡಿನಿಂದ ಬಿದ್ದಿದ್ದ. ಮೊದಲ ಸಲ ಕೈ ಮುರಿಯಿತು. ಎರಡನೆಯ ಸಲ ಬಿದ್ದದ್ದು ಗೊಬ್ಬರದ ಗುಂಡಿಗೆ. ಅದನ್ನು ಅವನು ಅದೃಷ್ಟ ಎನ್ನುತ್ತಿದ್ದ. ಹೆಂಡತಿ ಅಪ್ಪಿ ಹಾಗೆ ಹೇಳುತ್ತಿರಲಿಲ್ಲ, ಬಟ್ಟೆ ಒಗೆದವಳು ಅವಳು.

ಇದು ಎಂಬತ್ತಮೂರನೆಯ ಇಸವಿಯ ಮಾತು. ಕದ್ರಿಯ ಆಚೆ ಮಾಳಿಗೆಗುಡ್ಡೆ ಎಂದು ಒಂದು ಜಾಗ. ಗುಡ್ಡೆಯ ಮೇಲೆ ಹಳೆಯ ಕಾಲದ ಹನ್ನೊಂದು ದೊಡ್ಡ ಮನೆಗಳು. ಜಗಲಿಯಲ್ಲಿ ಕೂತರೆ ಸಮುದ್ರ ಕಾಣುತ್ತದೆ. ಕೆಳಗಿನ ಇಳಿಜಾರಿನಲ್ಲಿ ಏಳು ಸಣ್ಣ ಮನೆಗಳು. ಅಲ್ಲಿ ಕೂತರೆ ದೊಡ್ಡ ಮನೆಗಳ ಪಾಗಾರದ ಗೋಡೆ ಕಾಣುತ್ತದೆ. ಏಳರಲ್ಲೂ ಹಂಚಿನ ಕೆಲಸದವರೇ. ದೊಡ್ಡ ಮನೆಗಳ ಮಾಡು ನೋಡಿಕೊಳ್ಳಲಿಕ್ಕೆ ಎಂದು ಯಾರದೋ ಅಜ್ಜ ಇವರ ಅಜ್ಜಂದಿರನ್ನು ತಂದು ಇಟ್ಟದ್ದು. ಕಾಗದ ಪತ್ರ ಎಂತದೂ ಇಲ್ಲ. ನನ್ನದು ಗುಡ್ಡೆಯ ಬುಡದಲ್ಲಿ ಚಾ, ಗೋಳಿಬಜೆಯ ಗೂಡಂಗಡಿ. ಮೇಲಿನವರ ಸುದ್ದಿ, ಕೆಳಗಿನವರ ಸುದ್ದಿ, ಎರಡೂ ನನ್ನ ಬೆಂಚಿನ ಮೇಲೆಯೇ ಆಗುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಡು ಬಿಚ್ಚಬೇಕು. ಹಂಚು ಇಳಿಸಿ, ಪಾಚಿ ಕೆರೆದು, ಹುಳ ಹಿಡಿದು ಲಡ್ಡಾದ ಮರದ ರೀಪು ಪಟ್ಟಿ ತೆಗೆದು ಹೊಸತು ಹೊಡೆದು, ತಿರುಗಿ ಹೊದಿಸಬೇಕು. ಆ ನಾಲ್ಕೈದು ದಿನ ಮನೆಯವರು ಆಕಾಶದ ಕೆಳಗೆ ಉಣ್ಣುತ್ತಾರೆ, ಮಲಗುತ್ತಾರೆ. ಯಾರೂ ಅದನ್ನು ವಿಶೇಷ ಎಂದು ತಿಳಿಯುವುದಿಲ್ಲ. ಅಂಗಾರ ಮನೆಯ ನೆತ್ತಿಯ ಮೇಲೆ ಹತ್ತಬಹುದು. ಮುಂಬಾಗಿಲಿನ ಹೊಸ್ತಿಲು ದಾಟುವ ಹಾಗಿಲ್ಲ. ಮೊದಲು ಅವನಿಗೆ ನೀರು ಕೊಡುತ್ತಿದ್ದದ್ದು ತೆಂಗಿನ ಗೆರಟೆಯಲ್ಲಿ. ಈಗ ಬೇರೆ ಇಟ್ಟ ಒಂದು ಅಲ್ಯೂಮಿನಿಯಂ ಲೋಟ ಉಂಟು. ಕಾಲ ಬದಲಾಗಿದೆ ಎಂದು ಮೇಲಿನವರು ಹೇಳುತ್ತಿದ್ದರು.

ಆ ವರ್ಷ ಫೆಬ್ರವರಿಯಲ್ಲಿ ಬೊಂಬಾಯಿಯ ಒಂದು ಕಂಪೆನಿ, ಗುಡ್ಡೆಯ ಮೇಲಿನ ಒಂದು ಪಾಳು ಬಂಗ್ಲೆಯನ್ನು ಕೆಳಗಿನ ಇಳಿಜಾರಿನ ಸಮೇತ ಖರೀದಿ ಮಾಡಿತು. ಏಳು ಅಂತಸ್ತು, ಎಂಬತ್ತನಾಲ್ಕು ಫ್ಲಾಟು ಎಂದು ಬೋರ್ಡು ಬಿತ್ತು. ಮೇಲಿನವರು ಒಂದೇ ವಾರದಲ್ಲಿ 'ಗುಡ್ಡೆ ಉಳಿಸಿ ಸಮಿತಿ' ಮಾಡಿದರು. ಅಧ್ಯಕ್ಷರು ಜಯಪಾಲ ಶೆಟ್ರು, ಬೊಂಬಾಯಿಯಲ್ಲಿ ಎರಡು ಹೋಟೆಲು ಇದ್ದವರು. ಕಾರ್ಯದರ್ಶಿ ಚಿತ್ತರಂಜನ ವಕೀಲರು.

ಸಮಿತಿಯ ಸಭೆಗೆ ಏಳು ಮನೆಯವರನ್ನೂ ಕರೆದರು. ಶೆಟ್ರು ಜಗಲಿಯಲ್ಲಿ, ಇವರು ಅಂಗಳದಲ್ಲಿ.

"ಗುಡ್ಡೆ ನಮ್ಮೆಲ್ಲರದ್ದು" ಎಂದರು ಶೆಟ್ರು. "ಗುಡ್ಡೆ ಉಳಿದರೆ ನೀವೂ ಉಳಿತೀರಿ. ಹೌದಾ ಅಲ್ಲವಾ?"

"ಹೌದು ಧನಿ" ಎಂದ ಅಂಗಾರ.

ಆ ಮೇಲೆ ಸಮಿತಿಯ ಎಲ್ಲ ಮೆರವಣಿಗೆಯಲ್ಲೂ ಮುಂದೆ ಏಳು ಮನೆಯವರೇ. ಬಿಸಿಲು ಜಾಸ್ತಿ ಇದ್ದ ಕಾರಣ ಮೇಲಿನವರು ಕಾರಿನಲ್ಲಿ ಹಿಂದಿನಿಂದ ಬರುತ್ತಿದ್ದರು.

ಏಪ್ರಿಲ್ ಕೊನೆಗೆ ಪ್ಲಾನು ಪಾಸು ಮಾಡುವ ಕಚೇರಿಯಿಂದ ಸಮಿತಿಯ ಅರ್ಜಿಗೆ ಉತ್ತರ ಬಂತು. ಗುಡ್ಡೆಯ ಮೇಲಿನ ಮನೆಗಳು ನೂರು ವರ್ಷಕ್ಕಿಂತ ಹಳೆಯವು ಎಂದು ರುಜುವಾತಾದರೆ ಅವುಗಳ ಪಕ್ಕದಲ್ಲಿ ಎತ್ತರದ ಕಟ್ಟಡಕ್ಕೆ ಅನುಮತಿ ಇಲ್ಲ. ಮೋಹನದಾಸ್ ಎಂಬ ಅಧಿಕಾರಿ ಬಂದು ನೋಡುತ್ತಾರೆ.

ಶೆಟ್ರಲ್ಲಿ ಮನೆ ಕಟ್ಟಿದ ಕಾಲದ ದಾಖಲೆ ಇರಲಿಲ್ಲ, ಗೆದ್ದಲು ತಿಂದಿತ್ತು. ವಕೀಲರಿಗೆ ಉಪಾಯ ಹೊಳೆಯಿತು. ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯವರು ಇಸವಿ ಒತ್ತಿರುತ್ತಾರಲ್ಲ? ಅಂಗಾರನನ್ನು ಶೆಟ್ರ ಮಾಡಿಗೆ ಹತ್ತಿಸಿದರು. ಅವನು ಮುಂಭಾಗದ ನಾಲ್ಕು ಹಂಚು ಇಳಿಸಿದ. ನಾಲ್ಕರಲ್ಲೂ ೧೯೫೯.

"ಹಳೆಯ ಹಂಚು ಎಲ್ಲಿ ಹೋಯ್ತು ಮಾರಾಯ?" ಎಂದರು ಶೆಟ್ರು.

"ಆ ವರ್ಷ ಗಾಳಿಗೆ ಮುಂದಿನ ಮಾಡು ಹಾರಿತಲ್ಲ ಧನಿ. ಹೊಸತು ಹಾಕಿಸಿದಿರಿ. ಹಳತನ್ನು ನಿಮ್ಮ ಅಪ್ಪ ನಮ್ಮ ಅಪ್ಪನಿಗೆ ಕೊಟ್ಟರು, ಕೂಲಿಯ ಬದಲಿಗೆ. ನಮ್ಮ ಮಾಡಿನ ಮೇಲೆ ಉಂಟು."

ಹಾಗೆ ಎಷ್ಟೋ ಸಲ ಆಗಿತ್ತು. ಮೇಲೆ ಹೊಸ ಹಂಚು ಬಂದಾಗಲೆಲ್ಲ ಹಳೆಯದು ಕೆಳಗೆ ಹೋಗುತ್ತಿತ್ತು. ಗುಡ್ಡೆಯ ಅತಿ ಹಳೆಯ ಮಾಡು ಯಾರದು ಎಂದರೆ ಅಂಗಾರನದು. ಹಂಚಿನ ಬೆನ್ನಿನಲ್ಲಿ ೧೮೭೪. ಬೆರಳ ಗಂಟಿನಿಂದ ತಟ್ಟಿದರೆ ಕಂಚಿನ ಹಾಗೆ ಸದ್ದು.

ಶೆಟ್ರು ಮತ್ತು ವಕೀಲರು ಒಳಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿದರು. ಹೊರಗೆ ಬಂದು ಶೆಟ್ರು ಹೇಳಿದರು: "ಒಂದು ಎಂಟು ದಿನದ ಮಟ್ಟಿಗೆ ನಿಮ್ಮ ಹಂಚು ನಮ್ಮ ಮಾಡಿಗೆ ಬೇಕು. ಆಫೀಸರ್ ನೋಡಿ ಹೋದ ಮೇಲೆ ತೆಕ್ಕೊಂಡು ಹೋಗಿ."

ಅಂಗಾರ ಒಪ್ಪಿದ. ಬೇರೆ ಕಸುಬಿನವರಾದರೆ ಒಪ್ಪುತ್ತಿರಲಿಲ್ಲವೇನೋ. ಹಂಚಿನವನಿಗೆ ಮೇ ತಿಂಗಳಲ್ಲಿ ಮಾಡು ಬಿಚ್ಚಿದ ಮನೆ ಎಂದರೆ ಕೆಲಸ ನಡೆಯುತ್ತಿರುವ ಮನೆ, ಅಷ್ಟೇ. ಹೇಗೂ ಬಿಚ್ಚಲಿಕ್ಕೆ ಉಂಟು, ಇಲ್ಲಿ ಕೆರೆಯುವ ಪಾಚಿಯನ್ನು ಅಲ್ಲಿ ಕೆರೆದರಾಯಿತು ಎಂದ.

ಅಪ್ಪಿ ಮಾತ್ರ ಕೇಳಿದಳು: "ಅವರಿಗೆ ಅಕ್ಕಿ ಬೇಕಾದರೆ ಅಕ್ಕಿ ಕೇಳ್ತಾರಾ ನಮ್ಮ ಹತ್ರ?"

"ಅಕ್ಕಿ ಅವರಲ್ಲಿ ಉಂಟಲ್ಲ."

"ಹಂಚು ಇಲ್ಲವಾ?"

"ಹಳತು ಇಲ್ಲ."

"ಹಾಗಾದರೆ ಇಷ್ಟು ವರ್ಷದಲ್ಲಿ ನಮ್ಮಲ್ಲಿ ಇದ್ದು ಅವರಲ್ಲಿ ಇಲ್ಲದ್ದು ಇದೊಂದೇ. ಅದನ್ನೂ ಕೊಟ್ಟು ಬಿಡು."

ಕೊಟ್ಟರು. ಏಳು ಮನೆಯ ಎರಡು ಸಾವಿರದ ಎಂಟುನೂರು ಹಂಚು ಕೈಯಿಂದ ಕೈಗೆ ಮೇಲೆ ಹೋಯಿತು. ಒಂದೂ ಒಡೆಯಲಿಲ್ಲ. ಶೆಟ್ರ ಹೆಂಡತಿ ರತ್ನಾವತಿಯಮ್ಮ ಎಲ್ಲರಿಗೂ ಎಳನೀರು ಕೊಡಿಸಿದರು, ಹಿತ್ತಿಲಿನಲ್ಲಿ.

ಮೋಹನದಾಸ್ ಸಾಹೇಬರು ಬಂದರು. ಏಣಿ ಹತ್ತಲಿಲ್ಲ, ಮಂಡಿ ನೋವು. ಛತ್ರಿಯ ತುದಿಯಿಂದ ತೋರಿಸಿದರು. "ಅದು ತೆಗಿ. ಇನ್ನು ಆ ಕಡೆದು." ಅಂಗಾರ ತೆಗೆದು ತೆಗೆದು ಕೊಟ್ಟ. ೧೮೭೪. ೧೮೭೪. ೧೮೮೧. ಸಾಹೇಬರಿಗೆ ಬಹಳ ಖುಷಿಯಾಯಿತು. ಇಂಥ ಪಾರಂಪರಿಕ ಮನೆ ಜಿಲ್ಲೆಗೇ ಹೆಮ್ಮೆ ಎಂದರು.

ಆಮೇಲೆ ಅವರು ಪಾಗಾರದ ಹತ್ತಿರ ಹೋಗಿ ಕೆಳಗೆ ನೋಡಿದರು.

"ಅದೆಂತ, ಅಲ್ಲಿ ಗೋಡೆ ಗೋಡೆ ಕಾಣ್ತದಲ್ಲ? ಮನೆಗಳಾ?"

ಶೆಟ್ರು ವಕೀಲರ ಮುಖ ನೋಡಿದರು. ವಕೀಲರು ಹೇಳಿದರು: "ನೀವೇ ನೋಡ್ತಾ ಇದ್ದೀರಲ್ಲ ಸಾರ್. ಮಾಡು ಎಲ್ಲುಂಟು?"

ಅಂಗಾರ ಮಾಡಿನ ಮೇಲೆಯೇ ಇದ್ದ. ಕೈಯಲ್ಲಿ ಹಂಚು. ಬಾಯಿ ತೆರೆದ.

"ಅಂಗಾರ" ಎಂದರು ಶೆಟ್ರು, ಮೇಲೆ ನೋಡಿ, ತುಂಬ ಮೆಲ್ಲಗೆ. "ಜಾಗ್ರತೆ. ಹಂಚು ಜಾರೀತು."

ಅಂಗಾರ ಬಾಯಿ ಮುಚ್ಚಿದ. ಆಗ ಹೇಳಿದ್ದರೆ ಹಂಚಿನ ಗುಟ್ಟು ರಟ್ಟಾಗುತ್ತಿತ್ತು, ಗುಡ್ಡೆ ಹೋಗುತ್ತಿತ್ತು. ಆಮೇಲೆ ಧನಿಗಳೇ ಸರಿ ಮಾಡಿಯಾರು ಎಂದುಕೊಂಡ. ಇದನ್ನು ನನಗೆ ಅವನೇ ಹೇಳಿದ್ದು, ಚಾ ಆರಿಹೋಗುವವರೆಗೆ ಗ್ಲಾಸು ಹಿಡಿದುಕೊಂಡು.

ಎಂಟು ದಿನ ಆಯಿತು. ಹದಿನೈದಾಯಿತು. ಅಂಗಾರ ದಿನಾ ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದ.

"ಆರ್ಡರ್ ಬರಲಿ ಮಾರಾಯ" ಎನ್ನುತ್ತಿದ್ದರು ಶೆಟ್ರು.

ಮೇ ಇಪ್ಪತ್ತಾರಕ್ಕೆ ಆರ್ಡರ್ ಬಂತು. ಮೇಲಿನವರಿಗೆ ಜಯ. ಸಂಜೆ ಶೆಟ್ರ ಅಂಗಳದಲ್ಲಿ ಸಂತೋಷಕೂಟ. ಇನ್ನೂರು ಗೋಳಿಬಜೆ ನನ್ನ ಅಂಗಡಿಯಿಂದಲೇ ಹೋಯಿತು. ಬುಟ್ಟಿ ಇಳಿಸುವಾಗ ಮೇಜಿನ ಮೇಲೆ ಆರ್ಡರಿನ ಪ್ರತಿ ಇತ್ತು. ನಾನು ಶಾಲೆಗೆ ಹೋದದ್ದು ಐದನೆಯವರೆಗೆ, ಮತ್ತಿನದು ಪೊಟ್ಟಣದ ಕಾಗದ ಓದಿ ಕಲಿತದ್ದು. ಓದಿದೆ. ಎರಡು ಸಲ ಓದಿದೆ. ಗುಡ್ಡೆಯ ಮೇಲ್ಭಾಗದಲ್ಲಿ ಎತ್ತರದ ಕಟ್ಟಡ ಕೂಡದು. ಕಂಪೆನಿಯು ತನ್ನ ಏಳು ಅಂತಸ್ತನ್ನು ಕೆಳಗಿನ ಇಳಿಜಾರಿನಲ್ಲಿ ಕಟ್ಟಬಹುದು. ಸದರಿ ಜಾಗದಲ್ಲಿ ಮಾಡು ಇಲ್ಲದ ಏಳು ಪಾಳು ಗೋಡೆಗಳ ಹೊರತು ವಾಸದ ಮನೆ ಯಾವುದೂ ಇಲ್ಲ.

ಅಲ್ಲಿ ಕಟ್ಟಿದರೆ ಮೇಲಿನವರಿಗೆ ಸಮುದ್ರ ಮೊದಲಿನ ಹಾಗೆಯೇ ಕಾಣುತ್ತದೆ. ವಕೀಲರು ಪೆನ್ಸಿಲಿನಲ್ಲಿ ಬರೆದು ಲೆಕ್ಕ ಹಾಕಿ ನೋಡಿದ್ದರಂತೆ.

ಓದಿದ್ದನ್ನು ನಾನು ಕೆಳಗೆ ಹೋಗಿ ಹೇಳಿದೆ. ಅಪ್ಪಿ ಗಂಜಿ ಬಸಿಯುತ್ತಿದ್ದಳು. ತಲೆಯ ಮೇಲೆ ಬರೀ ಮರದ ಪಕ್ಕಾಸುಗಳು, ಅದರ ಮೇಲೆ ಆಕಾಶ. ಪಡುವಣದಲ್ಲಿ ಮೋಡ ಏರಿತ್ತು.

"ಆ ಕಾಗದದಲ್ಲಿ ನಾವು ಎಲ್ಲಿ ಮಲಗುವುದಂತೆ?" ಎಂದಳು.

"ಬರೆದಿಲ್ಲ ಅಪ್ಪಿಯಕ್ಕ."

ಅಂಗಾರ ಅಂಗಿ ಹಾಕಿಕೊಂಡು ಮೇಲೆ ಹೋದ. ಶೆಟ್ರು ಕೋಪಿಸಿಕೊಳ್ಳಲಿಲ್ಲ. "ಕಂಪೆನಿಯವರು ಅಪೀಲು ಹೋದಾರು, ತೊಂಬತ್ತು ದಿನ ಟೈಮು ಉಂಟು. ಅಷ್ಟರವರೆಗೆ ಹಂಚು ಅಲ್ಲಾಡಿಸುವ ಹಾಗಿಲ್ಲ. ನಿಮಗೆ ಒಂದೊಂದು ಟರ್ಪಾಲು ಕೊಡಿಸ್ತೇನೆ."

"ಮನೆ ಇಲ್ಲ ಅಂತ ಬರೆದಿದ್ದಾರಲ್ಲ ಧನಿ."

"ಅದು ಕಾಗದದ ಮಾತು."

"ಗುಡ್ಡೆ ಉಳಿದದ್ದೂ ಕಾಗದದಲ್ಲೇ ಅಲ್ಲವಾ?"

ಶೆಟ್ರು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಸುದ್ದಿ ಕೇಳಿ ನನ್ನ ಅಂಗಡಿಯಲ್ಲಿ ಜನ ಸೇರಿದರು. ದೇರೆಬೈಲಿನಿಂದ ಬೋಜ ಬಂದ, ತನ್ನ ಒಂಬತ್ತು ಮಂದಿಯನ್ನು ಕರೆದುಕೊಂಡು. ಪಣಂಬೂರಿನ ಕಡೆಯಿಂದ ಮೊಯ್ದೀನಬ್ಬ ಬಂದರು, ಕಾರ್ಖಾನೆಯ ಶೆಡ್ಡಿನ ಕೆಲಸ ಬಿಟ್ಟು. ಎಲ್ಲರೂ ಹಂಚಿನವರೇ, ಮೂವತ್ತೆಂಟು ಜನ. ಯಾರೂ ಭಾಷಣ ಮಾಡಲಿಲ್ಲ.

"ಎಷ್ಟು ಹಂಚು?" ಎಂದ ಬೋಜ.

"ಎರಡು ಸಾವಿರದ ಎಂಟುನೂರು."

"ಊಟದ ಮುಂಚೆ ಆಗ್ತದೆ."

ಹತ್ತು ಗಂಟೆಗೆ ಏಣಿ ಇಟ್ಟರು. ಹಾಡುಹಗಲು. ರತ್ನಾವತಿಯಮ್ಮ ಹೊರಗೆ ಬಂದು, "ಯಾರು ಹೇಳಿದ್ದು ಹತ್ತಲಿಕ್ಕೆ?" ಎಂದರು.

"ಮಳೆ ಹೇಳಿದ್ದು ಅಮ್ಮ" ಎಂದರು ಮೊಯ್ದೀನಬ್ಬ. "ಒಳಗೆ ರೇಡಿಯೋ ಇದ್ದರೆ ಬಟ್ಟೆ ಮುಚ್ಚಿಬಿಡಿ, ಧೂಳು ಬೀಳ್ತದೆ."

ಹಂಚು ಕೈಯಿಂದ ಕೈಗೆ ಇಳಿಯಿತು. ಈ ಸಲವೂ ಒಂದೂ ಒಡೆಯಲಿಲ್ಲ. ಶೆಟ್ರ ೧೯೫೯ರ ಹಂಚು ಹಿತ್ತಿಲಿನಲ್ಲಿ ಅಟ್ಟಿ ಇಟ್ಟಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಒಂದು ಗಂಟೆಗೆ ಏಳು ಮನೆಗೂ ಮಾಡಾಯಿತು. ಶೆಟ್ರ ಚಾವಡಿಗೆ ಬಿಸಿಲು ಬಿತ್ತು.

ಎರಡು ಗಂಟೆಗೆ ಪೊಲೀಸ್ ಜೀಪು. ಎಸ್ಸೈ, ಒಬ್ಬರು ರೈಟರು, ಇಬ್ಬರು ಪೇದೆಗಳು. ಜೊತೆಗೆ ಶೆಟ್ರು, ವಕೀಲರು.

"ಕಳ್ಳತನದ ದೂರು ಉಂಟು" ಎಂದರು ಎಸ್ಸೈ. "ಹಂಚು ಯಾರದು?"

"ನಮ್ಮದು" ಎಂದ ಅಂಗಾರ.

"ನಮ್ಮದು" ಎಂದರು ಶೆಟ್ರು. "ಸರಕಾರಿ ಆರ್ಡರಿನಲ್ಲಿ ಉಂಟು. ೧೮೭೪ರ ಹಂಚು, ನಮ್ಮ ಮಾಡಿನದು."

ಎಸ್ಸೈ ಆರ್ಡರ್ ಓದಿದರು. ಅಂಗಾರನ ಕೈಯಲ್ಲಿ ಓದಲಿಕ್ಕೆ ಕೊಡುವಂಥದ್ದು ಎಂತದೂ ಇರಲಿಲ್ಲ. "ಮಹಜರು ಬರೀರಿ" ಎಂದು ರೈಟರಿಗೆ ಹೇಳಿ, ಪೇದೆಯನ್ನು ಹಂಚು ಇಳಿಸಲಿಕ್ಕೆ ಹತ್ತಿಸಿದರು. ಪೇದೆ ಬೂಟು ಹಾಕಿದ್ದ. ಮೊದಲ ಹೆಜ್ಜೆಗೆ ಎರಡು ಹಂಚು ಹೋಯಿತು. ಎರಡನೆಯ ಹೆಜ್ಜೆಗೆ ಅವನ ಕಾಲು ಒಳಗೆ ಅಪ್ಪಿಯ ಒಲೆಯ ನೇರಕ್ಕೆ ನೇತಾಡಿತು.

"ಇವರಲ್ಲಿ ಯಾರಾದರೂ ಇಳಿಸಿ ಕೊಡಿ" ಎಂದರು ಎಸ್ಸೈ.

ಬೋಜನಿಗೆ ಸೊಂಟನೋವಂತೆ. ಮೊಯ್ದೀನಬ್ಬರಿಗೆ ತಲೆ ತಿರುಗುತ್ತಿತ್ತಂತೆ. ಮೂವತ್ತೆಂಟು ಜನಕ್ಕೂ ಒಂದಲ್ಲ ಒಂದು ಕಾಯಿಲೆ ಇತ್ತು.

ರೈಟರು ಮಣೆಯ ಮೇಲೆ ಕೂತು, ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿಕೊಳ್ಳುವ ಮನುಷ್ಯ. "ಕಳವಾದ ಸೊತ್ತಿನ ಪೈಕಿ ನಾನೂರು ಹಂಚುಗಳು, ಆರೋಪಿ ಅಂಗಾರನ ವಾಸದ ಮನೆಯ ಮಾಡಿನ ಮೇಲೆ ಪತ್ತೆಯಾಗಿದ್ದು..."

"ನಿಲ್ಲಿಸಿ" ಎಂದರು ವಕೀಲರು. "ಮನೆ ಅಂತ ಬರೀಬೇಡಿ. ಗೋಡೆ ಅಂತ ಬರೀರಿ."

"ಗೋಡೆಯ ಮೇಲೆ ಹಂಚು ನಿಲ್ಲುವುದು ಹೇಗೆ ಸಾರ್?" ಎಂದರು ರೈಟರು. "ಮಹಜರಿನಲ್ಲಿ ಕಂಡದ್ದು ಬರೀಬೇಕು. ಮಾಡು ಉಂಟು. ಒಲೆ ಉಂಟು. ಒಲೆಯ ಮುಂದೆ ಹೆಂಗಸು ಉಂಟು. ಪೇದೆಯ ಕಾಲು ತರಚಿದೆ, ಅದನ್ನೂ ಬರೀಬೇಕು."

ವಕೀಲರು ಶೆಟ್ರ ಕಿವಿಯಲ್ಲಿ ಏನೋ ಹೇಳಿದರು. ಶೆಟ್ರು ಮುಖ ಒರೆಸಿಕೊಂಡರು. "ಹೋಗಲಿ ಬಿಡಿ ಇನ್‌ಸ್ಪೆಕ್ಟ್ರೇ. ಪಾಪ, ಬಡವರು. ನಾನು ದೂರು ಹಿಂದೆ ತೆಕ್ಕೊಳ್ತೇನೆ."

ಎಸ್ಸೈಗೂ ಸಾಕಾಗಿತ್ತು. "ಬಿಡಿ ರೈಟರೇ, ಹರಿದು ಹಾಕಿ."

"ಹರಿಬೇಡಿ!" ಎಂದಳು ಅಪ್ಪಿ.

ನಾಲ್ಕು ತಲೆಮಾರಿನಲ್ಲಿ ಈ ಮನೆಯನ್ನು ಮನೆ ಎಂದು ಬರೆದ ಸರಕಾರಿ ಕಾಗದ ಅದೊಂದೇ. ಅದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ.

"ದೂರು ಹಿಂದೆ ತೆಗೆದಾಯ್ತಲ್ಲ ಮಾರಾಯ್ತಿ" ಎಂದರು ಎಸ್ಸೈ. "ಕೇಸಿಲ್ಲ."

"ಅವರು ಕೊಟ್ಟ ದೂರು ಅವರು ತೆಗೀಲಿ. ಕದ್ದದ್ದು ನಾವು. ನಮ್ಮ ಕೇಸು ಹಾಕಿ."

ಅಂಗಾರ ಹೋಗಿ ಜೀಪಿನಲ್ಲಿ ಕೂತ. ಪೇದೆ ಇಳಿ ಎಂದ. ಇಳಿಯಲಿಲ್ಲ. ಅವನ ಪಕ್ಕದಲ್ಲಿ ಬೋಜ ಕೂತ. ಆರು ಮನೆಯ ಗಂಡಸರು ಒಬ್ಬೊಬ್ಬರಾಗಿ ಹತ್ತಿದರು. ಜಾಗ ಮುಗಿದ ಮೇಲೆ ಉಳಿದವರು ಜೀಪಿನ ಮುಂದೆ ರಸ್ತೆಯಲ್ಲೇ ಕೂತರು. ಶೆಟ್ರು, "ನಾನು ಯಾರ ಮೇಲೆಯೂ ದೂರು ಕೊಟ್ಟಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಲೇ ಇದ್ದರು.

ಅಪ್ಪಿ ರೈಟರ ಎದುರು ಕಾಲು ಮಡಚಿ ಕೂತಳು. ಅವಳ ಹಿಂದೆ ಆರು ಹೆಂಗಸರು ಸಾಲಾಗಿ ನಿಂತರು.

"ನಾನೂರಲ್ಲ ಸಾರ್, ಸರಿಯಾಗಿ ಬರೀರಿ" ಎಂದಳು. "ಮನೆ ಒಂದು. ಹಂಚು ನಾನೂರ ಹನ್ನೆರಡು, ನಿಮ್ಮ ಪೇದೆ ಒಡೆದದ್ದೂ ಸೇರಿ. ಕದ್ದ ಹೆಂಗಸಿನ ಹೆಸರು ಅಪ್ಪಿ. ವಾಸ, ಇಲ್ಲಿಯೇ."