ನೀಲಿ ನೂಲು ಹೊದ್ದ ವೈರು

ಕಂಪ್ಯೂಟರ್ ಅಂಗಡಿಯ ಕೌಂಟರಿನ ಮೇಲೆ ಮೂರು ಹಾರ್ಡ್ ಡಿಸ್ಕ್ ಇಟ್ಟರೂ ಇವರು ಅವುಗಳ ಮೇಲಿಂದ ಕೈ ತೆಗೆಯಲಿಲ್ಲ. ಒಂದು ನನ್ನದು, ಎರಡು ಇವರದು. ಅಂಗಡಿಯಾಕೆ ತೆಗೆದುಕೊಳ್ಳಲು ಕೈ ಚಾಚಿದವಳು ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದಳು.

"ಕೊಡ್ರೀ ಅವರಿಗೆ," ಅಂದೆ. "ತಿಂದುಬಿಡಲ್ಲ."

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಲಿಫ್ಟ್ ಓಡಾಡುವ ಆಳದ ಗುಂಡಿಗೆ ಅಡ್ಡಲಾಗಿ ಹಲಗೆ ಹಾಕಿ, ಅದರ ಮೇಲೆ ನಿಂತು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕೆಲಸ ಮಾಡುವ ಮನುಷ್ಯ. ಅಂಥವರು ಅವತ್ತು ಡಿಸ್ಕುಗಳನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದರು.

ವಿಷಯ ಇಷ್ಟು. ನಮ್ಮ ಮನೆಯ ಕಂಪ್ಯೂಟರ್ ಸತ್ತು ವಾರದ ಹತ್ತಿರ ಬಂದಿತ್ತು. ಹಗಲಿನಲ್ಲಿ ಅದು ನನ್ನದು. ಬಿಲ್ಡರುಗಳಿಗೆ ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡಿಕೊಡುತ್ತೇನೆ. ಬಾಲ್ಕನಿಯಲ್ಲಿ ಬಿಸಿಲು ಬಿದ್ದ ಹಾಗೆ, ಸೋಫಾದ ಮೇಲೆ ಬೆಕ್ಕು ಮಲಗಿದ ಹಾಗೆ. ಸಂಜೆ ಅದು ಇವರದು, ಆಟಕ್ಕೆ. ಆಟ ಅಂದರೆ ಹೊಡಿ ಬಡಿ ಅಲ್ಲ, ಒಂದು ಊರು. ಇವರೂ ಇವರ ತಮ್ಮನೂ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಊರು. ಅದು ಇರುವುದು ಇವರ ಡಿಸ್ಕಿನಲ್ಲಿ. ನಮ್ಮ ಕಂಪ್ಯೂಟರ್ ಓಡುತ್ತಿದ್ದರೆ ಮಾತ್ರ ಮೈದುನ ತನ್ನ ಮನೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಆ ಊರಿನೊಳಗೆ ಬರಬಹುದು. ನಮ್ಮದು ಆರಿದರೆ ಅವನ ಪಾಲಿಗೆ ಊರಬಾಗಿಲು ಮುಚ್ಚಿದಂತೆ.

ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಇವರೇ ಕೈಕಾಲು ಹಿಡಿದು ಕೊಡಿಸಿದ ಕೆಲಸವನ್ನು ಮೈದುನ ಹೇಳದೆ ಕೇಳದೆ ಬಿಟ್ಟ. ನೆಂಟರೆಲ್ಲ ಕೂತಿದ್ದಾಗ ಇವರು, "ಹುಟ್ಟಿದಾಗಿಂದ ಒಂದು ಕೆಲಸಾನೂ ಮುಗಿಸಿಲ್ಲ ಇವನು," ಅಂದುಬಿಟ್ಟರು. ಆರಡಿ ಎತ್ತರದ ಗಂಡಸು, ಇವತ್ತಿಗೂ ಮನೆಯವರ ಬಾಯಲ್ಲಿ ಪಾಪು, ಚಪ್ಪಲಿ ಮೆಟ್ಟಿ ಹೊರಟುಹೋದ. ಆಮೇಲೆ ಫೋನಿಲ್ಲ, ಮೆಸೇಜಿಲ್ಲ. ಆದರೆ ಆಟದೊಳಗಿನ ಊರಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಇವರು ಕೆಲಸಕ್ಕೆ ಹೋದ ಹೊತ್ತು ನೋಡಿ ಬಂದು ಒಂದು ಗೋಡೆ ಎಬ್ಬಿಸಿ ಹೋಗುತ್ತಿದ್ದ. ಸಂಜೆ ಇವರು ಅದಕ್ಕೆ ಕಿಟಕಿ ಇಡುತ್ತಿದ್ದರು. ಇಬ್ಬರೂ ಒಂದೇ ಹೊತ್ತಿಗೆ ಒಳಗಿದ್ದದ್ದೇ ಇಲ್ಲ. ಈ ಗಂಡಸರ ಹಟಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ನಾನು ಹಗಲೆಲ್ಲ ಆಟವನ್ನು ಮುಚ್ಚದೆ ಹಾಗೇ ಬಿಟ್ಟಿರುತ್ತಿದ್ದೆ.

ಈಚೆಗೆ ಪಾಪು ಒಂದು ಸೇತುವೆಯ ಕೆಲಸ ಹಿಡಿದಿದ್ದ. ಊರಿನಿಂದ ಹೊರಟು, ದೊಡ್ಡ ನೀರು ದಾಟಿ, ಆಚೆ ದಡಕ್ಕೆ. "ಅರ್ಧಕ್ಕೆ ಬಿಡ್ತಾನೆ ನೋಡ್ತಿರು," ಎಂದು ಇವರು ದಿನಾ ಸಂಜೆ ಅನ್ನುವುದು, ಅನ್ನುತ್ತಲೇ ಅದರ ತುದಿಯವರೆಗೂ ನಡೆದು ಹೋಗಿ ನೋಡಿ ಬರುವುದು. ಕಂಪ್ಯೂಟರ್ ಕೆಟ್ಟ ದಿನ ಮಧ್ಯಾಹ್ನ ನಾನು ಕೆಲಸಕ್ಕೆ ಕೂತಾಗಲೂ ಪರದೆಯ ಮೇಲೆ ಊರು ತೆರೆದಿತ್ತು. ಪಾಪು ಸೇತುವೆಯ ಆಚೆ ತುದಿಯಲ್ಲಿ ಅದೇನೋ ಇಡುತ್ತ ಓಡಾಡುತ್ತಿದ್ದ. ನನಗೆ ಬಾಲ್ಕನಿಗಳ ಅವಸರ. ಒಂದು ಗಳಿಗೆ ನೋಡಿ, ಆಟವನ್ನು ಬದಿಗೆ ಸರಿಸಿ, ನನ್ನ ಚಿತ್ರ ತೆರೆದೆ. ಸ್ವಲ್ಪ ಹೊತ್ತಿನಲ್ಲೇ ಟಪ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪವರ್ ಸಪ್ಲೈ ಹೋಗುವಾಗ ಮದರ್‌ಬೋರ್ಡು, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎಲ್ಲವನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಅವತ್ತಿನಿಂದ ಇವರಿಗೆ ಊಟ ಸೇರುತ್ತಿರಲಿಲ್ಲ. "ನಾನೇ ಬೇಕಂತ ಬಾಗಿಲು ಹಾಕಿದೀನಿ ಅನ್ಕೋತಾನೆ," ಎಂದು ಒಂದೇ ಮಾತು.

"ಕೆಟ್ಟಿದೆ ಅಂತ ಫೋನ್ ಮಾಡಿ."

"ಅವನು ಮಾಡ್ಲಿ."

"ನಾನು ಮಾಡ್ತೀನಿ ಹಾಗಾದ್ರೆ."

"ನೀನು ಮಾಡಿದ್ರೂ ನಾನೇ ಮಾಡಿಸ್ದೆ ಅಂತಾಗುತ್ತೆ. ಬೇಡ. ಮಷೀನ್ ರೆಡಿ ಆದ್ರೆ ಬಾಗಿಲು ತಾನೇ ತೆಗೆಯುತ್ತೆ."

ಹೀಗೆ ನಾವು ಅಂಗಡಿಯಲ್ಲಿ ನಿಂತಿದ್ದೆವು. ಹೊಸ ಕಂಪ್ಯೂಟರಿಗೆ ಯಾವ ಯಾವ ಭಾಗ ಬೇಕು ಎಂದು ಇವರು ಹಳೆಯದು ಕೆಡುವ ಮೊದಲೇ ತಿಂಗಳುಗಟ್ಟಲೆ ಲೆಕ್ಕ ಹಾಕಿಟ್ಟಿದ್ದವರು. ಯಾವ ಫ್ಯಾನು ಸದ್ದು ಮಾಡುತ್ತದೆ, ಯಾವ ಕಾರ್ಡು ಬಿಸಿಯಾಗುತ್ತದೆ ಎಂದು ನಿದ್ದೆಯಲ್ಲೆಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ನಾನೂ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಬಂದಿದ್ದೆ. ನನಗೆ ರ್‍ಯಾಮ್ ಹೆಚ್ಚು ಬೇಕು, ಪ್ರೊಸೆಸರ್ ಗಟ್ಟಿ ಬೇಕು. ಇಲ್ಲದಿದ್ದರೆ ಒಂದು ಬಾಲ್ಕನಿಯ ಬಿಸಿಲು ಮೂಡುವಷ್ಟರಲ್ಲಿ ಹೊರಗೆ ನಿಜವಾದ ಬಿಸಿಲು ಇಳಿದಿರುತ್ತದೆ. ಇವರಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕು.

"ಆ ಕಾರ್ಡು ಬೇಡ, ಚಿಕ್ಕದು ಸಾಕು. ಉಳಿದ ದುಡ್ಡು ರ್‍ಯಾಮಿಗೆ ಹಾಕಿ," ಅಂದೆ ನಾನು.

"ಹೂಂ, ನಿನಗೆ ಬೇಕಾದ್ದು ತಗೋ," ಅಂದರು. ಅಂಗಡಿಯಾಕೆಗೆ, "ಸ್ಟಾಕಲ್ಲಿ ಇರೋದೇ ಕೊಡಿ. ಇವತ್ತೇ ಬೇಕು."

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಇವರು ಸೋತದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು. ನನಗೆ ಗೆದ್ದ ಖುಷಿ ಬರಲಿಲ್ಲ. ಹೆದರಿಕೆಯಾಯಿತು.

ಅಂಗಡಿಯಾಕೆ ಡಿಸ್ಕುಗಳನ್ನು ಒಂದೊಂದಾಗಿ ತನ್ನ ಕಂಪ್ಯೂಟರಿಗೆ ಜೋಡಿಸಿ ನೋಡಿದಳು. ಮೂರೂ ಚೆನ್ನಾಗಿದ್ದವು. ಊರಿನ ಫೈಲು ಕಂಡಾಗ ಇವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಇದೊಂದು ಕಾಪಿ ಮಾಡ್ಕೊಡ್ಲಾ? ಸ್ವಲ್ಪ ಹೊತ್ತು ಕೂರಬೇಕಾಗುತ್ತೆ."

"ಬೇಡ. ಆ ಇನ್ನೊಂದು ಡಿಸ್ಕಲ್ಲಿ ಇರೋದು ಇದರ ಕಾಪೀನೇ," ಅಂದರು. ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು.

ಕೊನೆಗೆ ಉಳಿದದ್ದು ಪವರ್ ಸಪ್ಲೈ. "ನಿಮ್ಮ ಹಳೇ ಕಂಪನಿದು ನಾಡಿದ್ದು ಬರುತ್ತೆ," ಅಂದಳು ಆಕೆ. "ಇದು ಬೇರೆ ಕಂಪನಿದು. ಶಕ್ತಿ ಹಳೇದರಷ್ಟೇ."

"ಇದೇ ಕೊಡಿ."

"ವೈರೆಲ್ಲ ಡಬ್ಬದಲ್ಲೇ ಇದೆ. ಅದನ್ನೇ ಹಾಕ್ಕೊಳ್ಳಿ," ಎಂದು ಆಕೆ ಡಬ್ಬಗಳನ್ನು ಚೀಲಕ್ಕೆ ತುಂಬುತ್ತ ಹೇಳಿದಳು. ನಾವಿಬ್ಬರೂ ಕೇಳಿಸಿಕೊಂಡೆವು. ಅಂಗಡಿಯವರು ಇಂಥವು ನೂರು ಹೇಳುತ್ತಾರೆ ಎಂದುಕೊಂಡೆ.

ಮನೆಗೆ ಬಂದವರೇ ಊಟದ ಮೇಜನ್ನು ಒರೆಸಿ, ಹಳೇ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿ ಶುರು ಮಾಡಿದರು. ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಅದರ ಜಾಗದಲ್ಲಿ ಕೂರಿಸಿದರು. ಅದರ ಮೇಲೆ ಶಾಖ ಎಳೆದುಕೊಳ್ಳುವ ಪೇಸ್ಟು, ಪೇಸ್ಟಿನ ಮೇಲೆ ಕೂಲರು. ರ್‍ಯಾಮ್ ಪಟ್ಟಿಗಳು ಟಕ್ ಟಕ್ ಎಂದು ಕೂತವು. ಕೆಲಸ ಸಾಗಿದಂತೆ ಇವರ ಕೈ ಚುರುಕಾಯಿತು. ನಾನು ಸ್ಕ್ರೂಗಳ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಇವರು ಗಡಿಯಾರ ನೋಡುವುದು, ಸ್ಕ್ರೂ ತಿರುಗಿಸುವುದು, ಮತ್ತೆ ಗಡಿಯಾರ ನೋಡುವುದು. ಸಂಜೆಯೊಳಗೆ ಊರು ತೆರೆಯಬೇಕು ಎನ್ನುವುದು ಬಿಟ್ಟರೆ ಇವರ ತಲೆಯಲ್ಲಿ ಬೇರೇನೂ ಇರಲಿಲ್ಲ.

ವೈರುಗಳ ಸರದಿ ಬಂದಾಗ ಎದ್ದುಹೋಗಿ ಡ್ರಾಯರಿನಿಂದ ಹಳೇ ವೈರು ತಂದರು. ಹಳೇ ಕಂಪ್ಯೂಟರಿನ ಒಂದೊಂದು ವೈರಿಗೂ ಅಣ್ಣತಮ್ಮಂದಿರು ಸೇರಿ ನೀಲಿ ನೂಲಿನ ಹೊದಿಕೆ ಹಾಕಿದ್ದರು, ಮಾತಾಡುತ್ತಿದ್ದ ಕಾಲದಲ್ಲಿ. ನಮ್ಮ ನಡುಮನೆಯ ನೆಲದ ಮೇಲೆ ಕೂತು ಒಬ್ಬ ಹಿಡಿದುಕೊಳ್ಳುವುದು, ಒಬ್ಬ ಎಳೆಯುವುದು, ಎಳೆದವನು ಅಂಗಾತ ಬೀಳುವುದು, ಇಬ್ಬರೂ ಬಿದ್ದು ಬಿದ್ದು ನಗುವುದು. ದಪ್ಪ ವೈರುಗಳು ಅವತ್ತು ಸುಟ್ಟುಹೋಗಿದ್ದವು. ಡಿಸ್ಕಿಗೆ ಕರೆಂಟು ಕೊಡುವ ಈ ಒಂದು ವೈರು ಮಾತ್ರ ಉಳಿದಿತ್ತು.

"ಡಬ್ಬದ್ದೇ ಹಾಕಿ ಅಂದ್ಲಲ್ಲ ಆಕೆ," ಅಂದೆ.

"ದಪ್ಪದ್ದೆಲ್ಲ ಡಬ್ಬದ್ದೇ ಹಾಕಿದೀನಿ. ಇದೊಂದಿರಲಿ. ಪಾಪು ಮಾಡಿದ್ದು."

"ಸರಿಹೋಗುತ್ತಾ?"

"ತಪ್ಪಾಗಿದ್ರೆ ಪ್ಲಗ್ ಕೂರೋದೇ ಇಲ್ಲ ಕಣೇ."

ಲಿಫ್ಟಿನ ಕೆಲಸದಲ್ಲಿ ಅದು ನಿಜ. ಬಾಗಿಲಿನ ವೈರು ಬ್ರೇಕಿನ ಸಾಕೆಟ್ಟಿಗೆ ಒತ್ತಿದರೂ ಹೋಗುವುದಿಲ್ಲ. ಯಾರದೋ ಮರೆವಿಗೆ ಯಾರೋ ಸಾಯಬಾರದು ಎಂದು ಹಾಗೆ ಮಾಡಿರುತ್ತಾರಂತೆ. ಕೂತರೆ ಸರಿ, ಕೂರದಿದ್ದರೆ ತಪ್ಪು. ಇವರು ಇಷ್ಟು ವರ್ಷ ಆ ನಂಬಿಕೆಯ ಮೇಲೆ ಜೀವ ಇಟ್ಟು ಗುಂಡಿಗೆ ಇಳಿದವರು. ಹೊಸ ಪವರ್ ಸಪ್ಲೈಗೆ ನೀಲಿ ವೈರು ಒತ್ತಿದರು. ಅದು ಅಲ್ಲೇ ಹುಟ್ಟಿದ್ದೇನೋ ಅನ್ನುವ ಹಾಗೆ ಕೂತಿತು.

ಆ ವೈರಿಗೆ ಮೂರು ಬಾಯಿ. ಇವರು ತಮ್ಮ ಎರಡು ಡಿಸ್ಕ್ ಸಿಕ್ಕಿಸಿ ನನ್ನದಕ್ಕೆ ಕೈ ಚಾಚಿದರು.

"ನನ್ನದು ಆಮೇಲೆ ಹಾಕಿ. ಮೊದಲು ಓಡುತ್ತಾ ನೋಡೋಣ."

"ನಂಬಿಕೆ ಇಲ್ವಾ ನನ್ನ ಮೇಲೆ?"

"ನಿಮ್ಮ ಮೇಲಿದೆ. ಅದರ ಮೇಲಿಲ್ಲ," ಎಂದು ನನ್ನ ಡಿಸ್ಕನ್ನು ಜೇಬಿಗಿಳಿಸಿದೆ. ನಿಮ್ಮದೂ ಆಮೇಲೆ ಹಾಕಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ದಿನದ ಮೇಲೆ ಆ ಮುಖದಲ್ಲಿ ಗೆಲುವು ಕಂಡಿತ್ತು, ಕೆಡಿಸಲು ಮನಸ್ಸು ಬರಲಿಲ್ಲ. ಆ ಮಾತು ನುಂಗಿದ್ದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಸ್ವಿಚ್ ಒತ್ತಿದರು. ಫ್ಯಾನುಗಳು ತಿರುಗಿದವು. ಇವರು ನನ್ನ ಕಡೆ ತಿರುಗಿ ನಕ್ಕರು. ನಗು ಇನ್ನೂ ತುಟಿಯಲ್ಲಿರುವಾಗಲೇ ನನ್ನ ಮೂಗಿಗೆ ಅದೇ ಸುಟ್ಟ ವಾಸನೆ ಬಡಿಯಿತು.

"ರೀ, ತೆಗೀರಿ. ತೆಗೀರಿ ಅದನ್ನ."

ಗೋಡೆಯ ಪ್ಲಗ್ಗನ್ನೇ ಕಿತ್ತರು. ಎರಡೂ ಡಿಸ್ಕ್ ಮುಟ್ಟಲಾಗದಷ್ಟು ಬಿಸಿಯಾಗಿದ್ದವು. ಇವರು ಹಾಗೆಯೇ ಹಿಡಿದುಕೊಂಡರು. ಬಿಡಿ ಎಂದರೂ ಬಿಡಲಿಲ್ಲ.

ಅಂಗಡಿ ಮುಚ್ಚುವ ಮೊದಲು ಎದ್ದೂ ಬಿದ್ದೂ ಓಡಿದೆವು. ಅಂಗಡಿಯಾಕೆ ಇವರ ಕೈ ನೋಡಿ ಡಿಸ್ಕುಗಳನ್ನು ತಾನೇ ಮೆಲ್ಲಗೆ ಬಿಡಿಸಿಕೊಂಡಳು. ಒಂದು ಡಿಸ್ಕ್ ಜೋಡಿಸಿದಳು, ಏನೂ ಕಾಣಲಿಲ್ಲ. ಇನ್ನೊಂದು ಜೋಡಿಸಿದಳು, ಅದೂ ಅಷ್ಟೇ. ಡಿಸ್ಕಿನ ಮುಚ್ಚಳ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡಿದಳು.

"ಹಳೇ ವೈರು ಹಾಕಿದೀರಿ. ಪ್ಲಗ್ ಎಲ್ಲಾ ಕಂಪನಿದೂ ಒಂದೇ ಥರ ಇರುತ್ತೆ. ಒಳಗಡೆ ತಂತಿ ಜೋಡಿಸೋ ಕ್ರಮ ಬೇರೆ ಬೇರೆ. ಹೋಗಬಾರದ ಕಡೆ ಕರೆಂಟು ಹೋಗಿದೆ," ಅಂದಳು. "ಚಿಪ್ಪೇ ಸುಟ್ಟಿದೆ. ಆಸೆ ಇಟ್ಕೋಬೇಡಿ."

"ಕೂತಿತಲ್ಲ," ಅಂದರು ಇವರು. ಆಕೆಗಲ್ಲ, ನನಗೂ ಅಲ್ಲ. "ಸರಿಯಾಗಿ ಕೂತಿತಲ್ಲ."

ಹೊರಗೆ ಬಂದೆವು. ಪಕ್ಕದ ಅಂಗಡಿಯವನು ಷಟರ್ ಎಳೆಯುತ್ತಿದ್ದ, ರಸ್ತೆಯಲ್ಲಿ ಕೆಲಸ ಬಿಟ್ಟವರ ಗದ್ದಲ. ಇವರು ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆದರು. ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದರು. ಒಂದೇ ರಿಂಗಿಗೆ ಪಾಪು ಎತ್ತಿದ.

"ಹೇಳು." ಅಣ್ಣ ಅನ್ನಲಿಲ್ಲ.

"ಪಾಪು. ಊರು ಹೋಯ್ತು ಕಣೋ. ಮಷೀನ್ ಕೆಟ್ಟಿತ್ತು, ಸರಿ ಮಾಡೋಕೆ ಹೋಗಿ ಡಿಸ್ಕ್ ಸುಟ್ಟೆ. ಕಾಪೀನೂ ಹೋಯ್ತು. ನನ್ನ ಕೈಯಾರೆ ಸುಟ್ಟೆ."

"ಕೆಟ್ಟಿತ್ತಾ?" ಅಂದ. "ನೀನೇ ಬಾಗಿಲು ಹಾಕಿದೆ ಅನ್ಕೊಂಡೆ. ಸೇತುವೆ ಮುಗಿಸಿದ ದಿನಾನೇ ಹಾಕಿದ್ಯಲ್ಲ ಅಂತ."

ಇವರು ನನ್ನ ಮುಖ ನೋಡಿದರು. "ಮುಗೀತಾ?"

"ನೋಡ್ಲಿಲ್ವಾ ನೀನು?"

"ನಾನು ಮನೆಗೆ ಬರೋಷ್ಟರಲ್ಲಿ ಎಲ್ಲಾ ಹೋಗಿತ್ತು."

"ಬಿಡು ಹಾಗಾದ್ರೆ," ಅಂದ ಪಾಪು. ದನಿ ಸೋತಿತ್ತು. "ಇನ್ನು ಮುಗಿಸಿದೆ ಅಂದ್ರೂ ನೀನೇನು ನಂಬಲ್ಲ."

ನಾನು ಅವತ್ತು ಕಂಡದ್ದನ್ನು ಆಮೇಲಿನ ಗಾಬರಿಯಲ್ಲಿ ಇವರಿಗೆ ಹೇಳಿಯೇ ಇರಲಿಲ್ಲ. ಇವರು ಈಗ ನಂಬುತ್ತೇನೆ ಎಂದರೂ ಅವನು ನಂಬುತ್ತಿರಲಿಲ್ಲ. ನಾನು ಫೋನ್ ಕಿತ್ತುಕೊಂಡೆ.

"ಪಾಪು, ನಾನು ಅತ್ತಿಗೆ. ನಾನು ನೋಡಿದೆ. ಅವತ್ತು ಮಧ್ಯಾಹ್ನ ಆ ಮೇಜಿನ ಮುಂದೆ ಕೂತಿದ್ದವಳು ನಾನೇ. ಸೇತುವೆ ಆಚೆ ದಡ ಮುಟ್ಟಿತ್ತು. ಪೂರ್ತಿ ಮುಗಿದಿತ್ತು. ಕೊನೇ ಕಂಬ ಒಂಚೂರು ಎಡಕ್ಕಿತ್ತು, ದಿನಾ ಕಟ್ಟಡ ನೋಡೋಳು ನಾನು, ನಂಗೆ ಗೊತ್ತಾಗುತ್ತೆ. ತುದೀಲಿ ನೀನು ಎರಡು ದೀಪ ಇಟ್ಟಿದ್ದೆ. ದೀಪದ ಮಧ್ಯೆ ಒಂದು ಬೆಂಚು."

"ಬೆಂಚಲ್ಲ ಅತ್ತಿಗೆ," ಅಂದ. "ಕುರ್ಚಿ. ಎರಡು ಕುರ್ಚಿ, ಅಕ್ಕಪಕ್ಕ."

ನನ್ನ ಗಂಡ ಮೆಟ್ಟಿಲ ಮೇಲೆ ಕೂತರು. "ಎರಡು ಯಾಕೋ?" ಅಂದರು.

"ಒಂದರಲ್ಲಿ ನಾನು ಕೂತಿದ್ದೆ ಅಣ್ಣ. ಸಂಜೆ ನೀನು ಬರೋವರೆಗೂ ಹೋಗಬಾರದು ಅಂತ. ಕೂತಿದ್ದ ಹಾಗೇ ಕಪ್ಪಾಗಿಹೋಯ್ತು."

ಷಟರ್ ಎಳೆದು ಮುಗಿಸಿದವನು ನಮ್ಮನ್ನು ದಾಟಿಕೊಂಡು ಹೋದ. ಇವರು ಅಂಗೈಯಿಂದ ಮುಖ ಒರೆಸಿಕೊಂಡರು. ಅಂಗೈ ತುಂಬ ಬೊಬ್ಬೆ ಎದ್ದಿತ್ತು.

"ಎಲ್ಲಿದೀಯ ಈಗ?"

"ಮನೇಲಿ."

"ಅಲ್ಲೇ ಇರು, ಬರ್ತೀನಿ," ಎಂದು ಎದ್ದರು. ಎದ್ದು ಎರಡು ಹೆಜ್ಜೆ ಹಾಕಿ ನಿಂತರು. ಎರಡು ವರ್ಷದಿಂದ ಆಟದ ಊರಿಗೆ ದಿನಾ ಬಂದು ಹೋಗುತ್ತಿದ್ದ ತಮ್ಮ ಎಲ್ಲಿ ಮನೆ ಮಾಡಿದ್ದಾನೆ ಎಂದು ಇವರಿಗೆ ತಿಳಿದೇ ಇರಲಿಲ್ಲ.

"ಪಾಪು," ಅಂದರು. "ನಿನ್ನ ಮನೆ ಎಲ್ಲೋ?"