ದೊಡ್ಡಕ್ಕನ ಹೊಟ್ಟೆಯೊಳಗಿನ ಗಡ್ಡೆ

ಮತ್ತೋಡಿನ ದೊಡ್ಡಕ್ಕನಿಗೆ ಸೊಸೆ ಗಂಗಕ್ಕನೇ ಮದ್ದು ಹಾಕಿದ್ದಾಳೆಂದು ಊರು ಆಗಲೇ ತೀರ್ಮಾನಿಸಿತ್ತು. ಮುದ್ದೆಯಲ್ಲಿಟ್ಟು ತಿನ್ನಿಸಿದ ಮದ್ದು ಹೊಟ್ಟೆಗೆ ಅಂಟಿಕೊಂಡು ಕೂದಲು ಬೆಳೆಸುತ್ತದಂತೆ. ಊರಿಗೇನು, ಬಾಯಿಗೆ ಬಂದದ್ದೇ ಸತ್ಯ! ನಾಟಿ ವೈದ್ಯ ವಾಂತಿ ಮಾಡಿಸಿ ಸೋತ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ಕುಡಿದ ನೀರು ಹಸಿರಾಗಿ ಹೊರಬರತೊಡಗಿದಾಗ ಮಗ ಜುಂಜಣ್ಣ ಗಾಡಿ ಕಟ್ಟಿ ದುರ್ಗದ ಆಸ್ಪತ್ರೆಗೆ ತಂದ.

"ಊರಿಗೆ ಹೋದ್ಮ್ಯಾಲೆ ನೀನು ತವರಿಗೆ ನಡಿ. ಮಗ ನನ್ ತಾವೇ ಇರ್ತಾನೆ" ಎಂದು ದಾರಿಯಲ್ಲೇ ಹೆಂಡತಿಗೆ ಹೇಳಿದ. ಎದೆಹಾಲು ಬಿಡದ ಕೂಸನ್ನು ಬಿಟ್ಟು ಹೋಗುವುದೆಂದರೆ ಗಂಗಕ್ಕನಿಗೆ ಜೀವವೇ ಹೋದಂತೆ.

ಡಾಕ್ಟರ್ ಪಂಚಾಕ್ಷರಪ್ಪ ಹೊಟ್ಟೆ ಒತ್ತಿ ನೋಡಿದರು. ಗಟ್ಟಿ ಗಡ್ಡೆಯೊಂದು ಬೆರಳಿಗೆ ಸಿಕ್ಕಿ ಸಿಕ್ಕಿ ಜಾರುತ್ತಿತ್ತು.

"ಇದು ಮೈಯಾಗೆ ಬೆಳೆದಿದ್ದಲ್ಲ, ಏನೋ ನುಂಗಿದಾಳೆ. ಕರುಳಿಗೆ ಬಿರಡೆ ಹಾಕ್ದಂಗೆ ಕುಂತೈತೆ. ಕೊಯ್ದು ತೆಗೀಬೇಕು."

ಕ್ಲೋರೋಫಾರಂ ಕೊಟ್ಟು ಹೊಟ್ಟೆ ತೆರೆದರು. ಪುಣ್ಯಕ್ಕೆ ಕರುಳು ಇನ್ನೂ ಕಪ್ಪಾಗಿರಲಿಲ್ಲ. ಸೀಳಿ, ಗಡ್ಡೆ ತೆಗೆದು, ಹೊಲಿದರು. ಆಮೇಲೆ ಅದನ್ನು ತಟ್ಟೆಯಲ್ಲಿಟ್ಟು ಹೊರಗೆ ತಂದು ತೋರಿಸಿದರು.

"ಕೂದ್ಲು! ಮದ್ದೇ ಸ್ವಾಮಿ!" ಜುಂಜಣ್ಣ ಕಿರುಚಿದ. "ಕಟ್ಟೆಮನೆ ಪಂಚಾಯ್ತೀಲಿ ಹಿರೇರ ಮುಂದೆ ಇಡ್ತೀನಿ!"

ಡಾಕ್ಟರು ಅದನ್ನು ತೊಳೆದು ಬಿಡಿಸಿದರು. "ಕುರಿ ಉಣ್ಣೆ ಕಣಯ್ಯ. ವರ್ಷಗಟ್ಲೆ ತಿಂದಿದ್ದು."

"ಹಂಗಾದ್ರೆ ಇವಳೇ ತಿನ್ಸಿದಾಳೆ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅತ್ತೆ ನೂಲುತ್ತ ಉಣ್ಣೆ ಬಾಯಿಗೆ ಹಾಕಿಕೊಳ್ಳುವುದನ್ನು ಗಂಗಕ್ಕ ಎಷ್ಟೋ ಸಲ ಕಂಡಿದ್ದಳು. ಆದರೆ ಅವಳು ಹೇಳಿದರೆ ನಂಬುವವರು ಯಾರು? ಅತ್ತೆಯೇ ಬಾಯಿ ಬಿಡಬೇಕಿತ್ತು.

ಮರುದಿನ ದೊಡ್ಡಕ್ಕನಿಗೆ ಪೂರಾ ಎಚ್ಚರವಾಯಿತು. ಮಗ ಮಂಚದ ಪಕ್ಕ ನಿಂತು ಅದನ್ನೇ ಒದರುತ್ತಿದ್ದ.

"ಸುಮ್ಕಿರಲೇ. ನಾನೇ ತಿಂದಿದ್ದು. ನಿನ್ನ ಬಸುರಿದ್ದಾಗ ಹತ್ತಿದ ಚಟ, ಬಿಡಕ್ಕಾಗಲಿಲ್ಲ."

ಗಂಗಕ್ಕನಿಗೆ ಸಮಾಧಾನವಾಗಲಿಲ್ಲ, ಸಿಟ್ಟು ನೆತ್ತಿಗೇರಿತು. "ಊರೆಲ್ಲ ನನ್ ಮುಖಕ್ಕೆ ಉಗಿಯೋವಾಗ ಎಲ್ಲಿ ಹೋಗಿತ್ತು ಅತ್ತೆ ಈ ಮಾತು?"

"ಉಣ್ಣೆ ತಿಂತೀನಿ ಅಂದ್ರೆ ನಗ್ತಿದ್ರು ಕಣವ್ವ. ನನ್ನ ಮಾನ…"

"ಮತ್ತೆ ನಂದು?"

ದೊಡ್ಡಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಜುಂಜಣ್ಣ ತಲೆ ತಗ್ಗಿಸಿ ನಿಂತಿದ್ದ. ಮುದುಕಿ ಗೋಡೆಗೆ ಹೇಳುವಂತೆ ಹೇಳಿದಳು:

"ಜುಂಜಾ, ಆ ಗಡ್ಡೆ ಬಿಸಾಕಬ್ಯಾಡ. ಕಟ್ಟೆಮನೆ ಮುಂದೆ ನಾನೇ ಇಟ್ಟು ಹೇಳ್ತೀನಿ. ನಗಲಿ."

ಅಷ್ಟು ದಿನ ಕಣ್ಣೀರು ಹಾಕದ ಗಂಗಕ್ಕ ಆಗ ಬಿಕ್ಕಿ ಬಿಕ್ಕಿ ಅತ್ತಳು.